ಎರವಲು ನಿದ್ದೆ

ಡಿಪೋದವರು ಎಲ್ಲ ಡ್ರೈವರುಗಳ ಕೈಗೂ ಒಂದೊಂದು ಬ್ಯಾಂಡು ಕಟ್ಟಿ ಕಳಿಸಿದ ದಿನ ಆ ಮನೆಯಲ್ಲಿ ಜಗಳವಾದದ್ದು ಬ್ಯಾಂಡಿನ ಮೇಲಲ್ಲ, ಹೊಲಿಗೆ ಮಿಷನ್ನಿನ ಮೇಲೆ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಬೀದಿ ಕಡೆಯ ಕೋಣೆಯಲ್ಲಿ ಟೈಲರ್ ಬೆಳಗಿನಿಂದ ಕತ್ತಲಾಗುವವರೆಗೆ ಹೊಲಿಯುತ್ತಿದ್ದ. ಹಿಂದಿನ ಕೋಣೆಯಲ್ಲಿ ಎರಡು ಮಂಚ, ಒಂದು ಅವನ ತಾಯಿಯದು. ಕೋಣೆಗಳ ನಡುವೆ ಪ್ಲೈವುಡ್ಡಿನ ಒಂದು ಹಲಗೆ; ಅದನ್ನು ಗೋಡೆ ಎನ್ನುವುದು ಮರ್ಯಾದೆಯ ಮಾತು, ಅಷ್ಟೆ. ಟೈಲರನ ಹೆಂಡತಿ ಸಿಟಿ ಬಸ್ಸು ಓಡಿಸುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಡ್ರೈವರಮ್ಮ ಎನ್ನುತ್ತಿದ್ದರು, ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟರೆ ವಾಪಸು ಬರುವುದು ಮಧ್ಯಾಹ್ನ ಒಂದಕ್ಕೆ.

ಅಂದು ಊಟಕ್ಕೆ ಕೂತಾಗ ಅವಳು ಎಡಗೈ ಮುಂದೆ ಚಾಚಿದಳು. ಕಪ್ಪು ರಬ್ಬರಿನ ಪಟ್ಟಿ, ಅದರ ಹೊಟ್ಟೆಯಲ್ಲಿ ಹಸಿರು ದೀಪ.

"ದಿನಕ್ಕೆ ಏಳು ಗಂಟೆ ನಿದ್ದೆ ಮಾಡ್ಬೇಕಂತೆ. ಇದು ನಾಡಿ ನೋಡಿ ಲೆಕ್ಕ ಇಟ್ಕೊಳ್ಳುತ್ತೆ. ಮೂರು ದಿನ ಸಾಲಾಗಿ ಕಮ್ಮಿ ಬಿತ್ತು ಅಂದ್ರೆ ಸ್ಟೇರಿಂಗ್ ಬಿಡಿಸಿ ಬಸ್ ತೊಳೆಯೋ ಶೆಡ್ಡಿಗೆ ಹಾಕ್ತಾರೆ."

"ನಿದ್ದೆಗೂ ಹಾಜರಿ ತಗೊಳ್ಳೋ ಕಾಲ ಬಂತಾ," ಎಂದ ಟೈಲರ್.

"ರಾತ್ರಿ ಹತ್ತರಿಂದ ಮೂರೂವರೆ, ಅದು ಐದೂವರೆ ಗಂಟೆ. ಇನ್ನು ಒಂದೂವರೆ ಮಧ್ಯಾಹ್ನಾನೇ ಆಗ್ಬೇಕು. ಎರಡರಿಂದ ನಾಲ್ಕು ಮಿಷನ್ ನಿಲ್ಲಿಸ್ರೀ."

"ನಿಲ್ಲಿಸ್ರೀ ಅಂದ್ರೆ? ಶಾಲೆ ಶುರುವಾಗೋಕೆ ಇನ್ನು ಒಂದೂವರೆ ತಿಂಗಳು. ಇನ್ನೂರ ಎಂಬತ್ತು ಜೊತೆ ಯೂನಿಫಾರ್ಮ್ ಬಾಕಿ ಇದೆ. ಹಲ್ಲಲ್ಲಿ ಹೊಲೀಲಾ?"

"ಸದ್ದು ಮಾಡದೆ ಹೊಲೀರಿ."

"ನೀನು ಸದ್ದು ಮಾಡದೆ ಬಸ್ ಓಡಿಸು, ನೋಡೋಣ."

ಮಗಳು ನಕ್ಕಳು. ಕಾಲೇಜಿನ ಮೊದಲ ವರ್ಷ, ಬಾಯಿ ಬಿಟ್ಟರೆ ಖಾರ, ಅದಕ್ಕೇ ಮನೆಯಲ್ಲಿ ಎಲ್ಲರೂ ಕರೆಯುವುದು ಮೆಣಸು ಎಂದು. ನಕ್ಕದ್ದಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಬೈಸಿಕೊಂಡಳು. ಜಗಳದಲ್ಲಿ ಅವರು ಒಂದಾಗುತ್ತಿದ್ದುದು ಆ ಒಂದು ವಿಷಯಕ್ಕೇ.

ಎರಡು ಮಧ್ಯಾಹ್ನ ಡ್ರೈವರಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿ ನೋಡಿದಳು. ಕಿವಿಗೇನೋ ಹತ್ತಿ ಇಡಬಹುದು, ಮಂಚದ ಕಾಲಿಗೆ ಎಲ್ಲಿಂದ ಹತ್ತಿ ಇಡುವುದು? ಮಿಷನ್ನಿನ ನಡುಕ ನೆಲದಿಂದ ಹತ್ತಿ ಬೆನ್ನಿಗೆ ಬರುತ್ತಿತ್ತು. ಮೊದಲ ದಿನ ಐದು ಗಂಟೆ ಐವತ್ತು ನಿಮಿಷ. ಎರಡನೇ ದಿನ ಆರು ಗಂಟೆ. ಅಂದು ಸಂಜೆ ಫೋನಿಗೆ ಬಂದ ಸಂದೇಶವನ್ನು ಮೆಣಸು ರೇಡಿಯೋದವಳ ದನಿಯಲ್ಲಿ ಓದಿದಳು: "ನಾಳೆಯೂ ಹೀಗೆಯೇ ಆದಲ್ಲಿ ನಿಮ್ಮನ್ನು ವಾಹನ ಚಾಲನೆಯಿಂದ ಬಿಡುಗಡೆ ಮಾಡಲಾಗುವುದು."

ಡ್ರೈವರಮ್ಮ ಅಳುವವಳಲ್ಲ. ತಟ್ಟೆ ತೊಳೆಯುತ್ತಾ ನಿಂತವಳು ಒಂದೇ ತಟ್ಟೆಯನ್ನು ಮೂರು ಸಲ ತೊಳೆದಳು. ಆರು ವರ್ಷ ಟಿಕೆಟ್ ಹರಿದು, ಪರೀಕ್ಷೆಗೆ ಕಟ್ಟಿ ಎರಡು ಸಲ ಫೇಲಾಗಿ, ಮೂರನೇ ಸಲ ಸ್ಟೇರಿಂಗ್ ಹಿಡಿದವಳು ಅವಳು. ಹತ್ತು ವರ್ಷದಲ್ಲಿ ಒಂದು ಸೈಕಲ್ಲಿಗೂ ಉಜ್ಜಿದವಳಲ್ಲ. ಐದೂವರೆ ಗಂಟೆಯ ನಿದ್ದೆಯಲ್ಲೇ ಅಷ್ಟೂ ಓಡಿಸಿದ್ದಳು.

ಮೂರನೇ ಮಧ್ಯಾಹ್ನ ಅತ್ತೆ ಮಂಚದ ಮೇಲಿಂದಲೇ ಕೈ ನೀಡಿದರು.

"ಕೊಡು ಇಲ್ಲಿ."

"ಏನು ಅತ್ತೆ?"

"ಆ ಬಳೆ. ಈ ಮನೇಲಿ ನನಗೆ ಬರೋ ಕೆಲಸ ಅಂತ ಉಳಿದಿರೋದು ಮಲಗೋದೊಂದೇ. ಅದನ್ನಾದ್ರೂ ಸರಿಯಾಗಿ ಮಾಡ್ತೀನಿ."

ಅದು ಉತ್ಪ್ರೇಕ್ಷೆಯಲ್ಲ. ಅತ್ತೆಗೆ ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಮುಕ್ಕಾಲು. ನಿದ್ದೆ ಎಂದರೆ ಅವರಿಗೆ ಕರೆದ ಕೂಡಲೇ ಬರುವ ನೆಂಟ. ತಲೆದಿಂಬಿಗೆ ತಲೆ ಇಟ್ಟರೆ ಮುಗಿಯಿತು, ಮನೆ ಮೇಲೆ ಬಿದ್ದರೂ ಆಮೇಲೆ ನೋಡೋಣ ಎನ್ನುವ ಜಾತಿ.

"ತಪ್ಪಲ್ವಾ ಅತ್ತೆ, ಅದು?"

"ಕದಿಯೋಕೆ ಹೋಗ್ತಿದೀನೇನೇ? ಮಲಗೋಕೆ ಹೋಗ್ತಿದೀನಿ."

ಸೊಸೆ ಬ್ಯಾಂಡು ಬಿಚ್ಚಿ ಅತ್ತೆಯ ಕೈಗೆ ಕಟ್ಟಿದಳು. ಮುಂಗೈ ಸಣ್ಣ, ಕಡೆಯ ತೂತಿಗೆ ಹಾಕಬೇಕಾಯಿತು. ಅತ್ತೆ ಗೋಡೆ ಕಡೆ ತಿರುಗಿ ಎರಡು ಗಂಟೆ ಇಪ್ಪತ್ತು ನಿಮಿಷ ಮಲಗಿದರು. ಸೊಸೆ ಅಷ್ಟು ಹೊತ್ತಿನಲ್ಲಿ ನಲವತ್ತು ಶರ್ಟುಗಳಿಗೆ ಗುಂಡಿ ಹಾಕಿ, ಬೇಳೆ ಬೇಯಲಿಟ್ಟಳು. ಸಂಜೆ ಫೋನು ಹೇಳಿತು: ಅಭಿನಂದನೆಗಳು, ನೀವು ಗಾಢವಾಗಿ ನಿದ್ರಿಸಿದ್ದೀರಿ.

"ನಿನಗಲ್ಲ ಕಣೇ, ನನಗೆ ಹೇಳಿದ್ದು," ಎಂದರು ಅತ್ತೆ.

ಮನೆಯಲ್ಲಿ ಶಾಂತಿ ನೆಲೆಸಿತು. ಮಿಷನ್ ಓಡಿತು, ಬಸ್ಸೂ ಓಡಿತು. ಮೂರನೇ ವಾರ ಡಿಪೋದ ಹಲಗೆಯ ಮೇಲೆ 'ಉತ್ತಮ ವಿಶ್ರಾಂತಿ ಪಡೆದ ಚಾಲಕರು' ಎಂದು ಐದು ಜನರ ಫೋಟೋ ಹಾಕಿದರು. ಎರಡನೆಯದು ಡ್ರೈವರಮ್ಮನದು. ಮ್ಯಾನೇಜರು ಚಪ್ಪಾಳೆ ಹೊಡೆಸಿ, ಇವರನ್ನು ನೋಡಿ ಕಲೀರಿ ಎಂದರು. ಚಪ್ಪಾಳೆ ಹೊಡೆಯುವವರ ನಡುವೆ ನಿಂತು ಅವಳು ಆಕಳಿಕೆ ನುಂಗಿಕೊಂಡಳು.

ಅತ್ತೆಗೆ ಬ್ಯಾಂಡು ಅಭ್ಯಾಸವಾಗಿಬಿಟ್ಟಿತು. ಒಂದು ಗಂಟೆಯಾಗುತ್ತಲೇ ಬಾಗಿಲ ಕಡೆ ನೋಡುವರು. ಸೊಸೆ ಚಪ್ಪಲಿ ಬಿಡುವ ಮೊದಲೇ ಕೈ ನೀಡುವರು.

"ಊಟ ಮಾಡಿ ಮಲಗಿ ಅತ್ತೆ, ಅಷ್ಟು ಅವಸರ ಏನು?"

"ಅದು ಆಗಾಗ ಎರಡು ಸಲ ಮಿಡಿಯುತ್ತೆ ಕಣೇ. ಯಾರೋ ಮೆತ್ತಗೆ ಕೈ ಹಿಡ್ಕೊಂಡ ಹಾಗೆ. ನಿಮ್ಮ ಮಾವ ಹೋದ ಮೇಲೆ ನನ್ನ ಕೈ ಹಿಡಿದೋರು ಯಾರು, ಹೇಳು. ಬಳೆ ಅಂಗಡಿಯವನೂ ಹಿಡೀಲಿಲ್ಲ."

ಸೊಸೆ ಅನ್ನ ಬಡಿಸಿದಳು.

ಒಂದು ದಿನ ಕಾಲೇಜಿನಿಂದ ಬೇಗ ಬಂದ ಮೆಣಸು ಹಿಂದಿನ ಕೋಣೆಗೆ ಹೋದವಳು ಹಾಗೇ ಹೊರಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮಾ, ಬಾ ಇಲ್ಲಿ. ಅಜ್ಜಿ ಏನೋ ಮಾಡ್ತಿದೆ."

ಅತ್ತೆ ಅಂಗಾತ ಮಲಗಿದ್ದರು. ಕಣ್ಣು ಮುಚ್ಚಿತ್ತು, ಬಾಯಿ ಅರ್ಧ ತೆರೆದಿತ್ತು. ಎರಡೂ ಕೈ ಎದೆಯ ಮೇಲೆ ಗಾಳಿಯಲ್ಲಿ ಎದ್ದು, ಅಗಲವಾದ ಏನನ್ನೋ ಹಿಡಿದುಕೊಂಡು ನಿಧಾನವಾಗಿ ಎಡಕ್ಕೆ ತಿರುಗುತ್ತಿದ್ದವು. ಬಲಗಾಲಿನ ಪಾದ ಹೊದಿಕೆಯ ಕೆಳಗೆ ಮುಂದಕ್ಕೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

ಯಾವ ತಿರುವು ಎಂದು ಡ್ರೈವರಮ್ಮನಿಗೆ ಗೊತ್ತಾಯಿತು. ನೀರಿನ ಟ್ಯಾಂಕು ದಾಟಿದ ಮೇಲೆ ಎಡಕ್ಕೆ, ಎರಡು ಸಲ ಬ್ರೇಕು.

"ರೀ, ಬನ್ನಿ ಇಲ್ಲಿ," ಎಂದು ಕೂಗಿದಳು. ಟೈಲರ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದು ನೋಡಿದ.

"ನಮ್ಮಮ್ಮ ಈ ವಯಸ್ಸಿಗೆ ಲೈಸೆನ್ಸ್ ತಗೋತಾಳೆ ಅಂತ ಕಾಣುತ್ತೆ," ಎಂದ. ಆದರೆ ನಗಲಿಲ್ಲ. ತಾಯಿಯ ಭುಜ ಅಲುಗಾಡಿಸಿ ಎಬ್ಬಿಸಿದ.

ಅತ್ತೆ ಎದ್ದು ಕೂತು ಸುತ್ತ ನೋಡಿದರು. "ಕಂದು ಕೋಟಿನೋನು ಇವತ್ತೂ ಹತ್ತಲಿಲ್ಲ," ಎಂದರು.

"ಯಾರಮ್ಮ ಅದು?"

"ಟ್ಯಾಂಕಿನ ಹತ್ರ ನಿಂತಿರ್ತಾನಲ್ಲ, ಅವನು. ನಿಲ್ಲಿಸಿದ್ರೆ ಸುಮ್ಮನೆ ನೋಡ್ತಾನೆ, ಹತ್ತಲ್ಲ. ಚಹಾ ಆಯ್ತೇನೇ?"

ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಕಂದು ಕೋಟು ಹಾಕಿಕೊಂಡ ಮುದುಕನೊಬ್ಬ ದಿನಾ ನಿಂತಿರುತ್ತಿದ್ದುದು ನಿಜ. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ ಎನ್ನುವುದೂ ನಿಜ. ಡ್ರೈವರಮ್ಮ ಚಹಾ ಸೋಸುತ್ತಾ, ಊಟದ ಹೊತ್ತಿನಲ್ಲಿ ಯಾವತ್ತೋ ನಾನೇ ಹೇಳಿರಬೇಕು ಎಂದುಕೊಂಡಳು. ಯಾವತ್ತು ಹೇಳಿದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮಾರನೆಯ ದಿನ ಡಿಪೋ ಡಾಕ್ಟರರಿಂದ ಕರೆ ಬಂತು.

ಡಾಕ್ಟರು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಬೆನ್ನಿಗೆ ಇಟ್ಟರು, ತಂತಿ ಅಂಟಿಸಿ ಕಾಗದದ ಮೇಲೆ ಗೆರೆ ತೆಗೆದರು. ಆಮೇಲೆ ತಮ್ಮ ಮುಂದಿನ ಪರದೆ ಅವಳ ಕಡೆ ತಿರುಗಿಸಿದರು.

"ಈಗ ಎಲ್ಲ ಸರಿಯಾಗೇ ಇದೆ. ರಾತ್ರಿಯೂ ಸರಿ. ಆದ್ರೆ ಮಧ್ಯಾಹ್ನದ ನಿದ್ದೇಲಿ ನೋಡಿ. ಇದು ಹೋದ ವಾರ. ಇದು ನಿನ್ನೆ. ನಾಡಿ ಮೂವತ್ತೆಂಟಕ್ಕೆ ಇಳಿದಿದೆ. ಇಲ್ಲಿ ನೋಡಿ, ನಾಲ್ಕು ಸೆಕೆಂಡು ನಿಂತೇ ಹೋಗಿದೆ."

"ನಿಂತು?"

"ನಿಂತು ಮತ್ತೆ ಶುರುವಾಗಿದೆ. ನಿಮಗೆ ತಲೆ ಸುತ್ತೋದು, ಕಣ್ಣು ಕತ್ತಲೆ ಬರೋದು ಇದೆಯಾ?"

ಅವಳಿಗೆ ಆಗ ಬಂದದ್ದು ಅದೇ. ಮೇಜಿನ ಅಂಚು ಹಿಡಿದುಕೊಂಡಳು. ಡಾಕ್ಟರು ಅದನ್ನೂ ಬರೆದುಕೊಂಡರು.

"ಹದಿನೈದು ದಿನಕ್ಕೆ ದೊಡ್ಡ ಪರೀಕ್ಷೆಗೆ ದಿನ ಹಾಕಿದೀನಿ. ಅಲ್ಲೀವರೆಗೆ ಸ್ಟೇರಿಂಗ್ ಬೇಡ, ಟಿಕೆಟ್ ಕೌಂಟರಿನಲ್ಲಿ ಕೂತ್ಕೊಳ್ಳಿ. ಹೆದರಬೇಡಿ. ನಿಮ್ಮನ್ನ ವಿಶೇಷ ನಿಗಾದಲ್ಲಿ ಹಾಕ್ತೀನಿ. ನಾಡಿ ಮೂವತ್ತರ ಕೆಳಗೆ ಹೋದ್ರೆ ಯಾರೂ ಫೋನ್ ಮಾಡೋದೂ ಬೇಡ, ಆಂಬುಲೆನ್ಸ್ ತಾನಾಗೇ ಹೊರಡುತ್ತೆ. ನೀವು ಎಲ್ಲಿದ್ರೂ ಸರಿ, ನಿಮ್ಮ ಹತ್ರ ಬರುತ್ತೆ."

ಆ ದಿನದ ಊಟ ಯಾರಿಗೂ ಇಳಿಯಲಿಲ್ಲ. ಅತ್ತೆ ಮಾತ್ರ ಎರಡನೇ ಸಲ ಅನ್ನ ಹಾಕಿಸಿಕೊಂಡರು.

"ಅಮ್ಮ, ನಾಳೆನೇ ಹೋಗಿ ಹೇಳ್ಬಿಡು," ಎಂದಳು ಮೆಣಸು. "ಅದು ಅಜ್ಜಿ ಹೃದಯ. ಅಜ್ಜೀನ ಮೊದಲು ಆಸ್ಪತ್ರೆಗೆ ಸೇರಿಸ್ಬೇಕು."

"ಹೇಳಿದ್ರೆ ನಿಮ್ಮಮ್ಮನ್ನ ಕೆಲಸದಿಂದ ಕಿತ್ತು ಹಾಕ್ತಾರೆ," ಎಂದ ಟೈಲರ್. "ಶೆಡ್ಡಿಗಲ್ಲ, ಮನೆಗೆ. ಮೋಸ ಅಂತ ಬರೀತಾರೆ. ಆಮೇಲೆ ಜನ್ಮದಲ್ಲಿ ಯಾರೂ ಒಂದು ಆಟೋನೂ ಕೊಡಲ್ಲ ಅವಳ ಕೈಗೆ."

"ಹಾಗಂತ ಅಜ್ಜಿ ಸಾಯ್ಲಾ?"

"ಬಿಡ್ತು ಅನ್ನೇ," ಎಂದ ಟೈಲರ್.

"ನನ್ನ ಕೇಳಿ ಯಾರಾದ್ರೂ," ಎಂದರು ಅತ್ತೆ. ಈ ಮಾತೆಲ್ಲ ಅವರಿಗೆ ಹೇಗೆ ಕೇಳಿಸಿತೋ, ಬೇಕಾದ್ದು ಮಾತ್ರ ಕೇಳಿಸುವ ಕಿವಿ ಅದು. "ನನಗೆ ಎಪ್ಪತ್ತಾರು. ಹೃದಯ ನಾಲ್ಕು ಸೆಕೆಂಡು ಕೂತು ಸುಧಾರಿಸ್ಕೊಂಡ್ರೆ ತಪ್ಪೇನಿದೆ? ನಾನೂ ಮೆಟ್ಟಿಲು ಹತ್ತುವಾಗ ಕೂತ್ಕೊಳ್ಳಲ್ವಾ?"

ಮನೆಯವರು ಸುಮ್ಮನಿರಲಿಲ್ಲ, ಮಾರನೆಯ ಸಂಜೆಯೇ ಅತ್ತೆಯನ್ನು ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ನಾಡಿ ಹಿಡಿದು, ಈ ವಯಸ್ಸಿಗೆ ಬೇಕಾದಷ್ಟು ಗಟ್ಟಿ ಇದ್ದಾರಲ್ಲ ಎಂದರು. ನಿದ್ದೆಯಲ್ಲಿ ನಿಲ್ಲುತ್ತೆ ಎಂದಳು ಸೊಸೆ. ನಿಮಗೆ ಹೇಗೆ ಗೊತ್ತು ಎಂದು ಅವರು ಕೇಳಿದರು. ಗೊತ್ತಾದ ಬಗೆಯನ್ನು ಹೇಳುವಂತಿರಲಿಲ್ಲ. ದಾಖಲೆ ಏನಾದರೂ ಇದ್ದರೆ ತನ್ನಿ, ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ ಎಂದರು. ದಾಖಲೆ ಬೇಕಾದಷ್ಟಿತ್ತು. ಎಲ್ಲವೂ ಸೊಸೆಯ ಹೆಸರಿನಲ್ಲಿತ್ತು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅತ್ತೆಯೇ ದಾರಿ ಹೇಳಿದರು.

"ಆ ಡಾಕ್ಟರು ಏನಂದ್ರು ನಿನಗೆ? ನಾಡಿ ಇಳಿದ್ರೆ ಗಾಡಿ ತಾನಾಗೇ ಬರುತ್ತೆ ಅಂತ ತಾನೆ? ಹಾಗಾದ್ರೆ ಇನ್ನೇನು? ನಾನು ಬಳೆ ಬಿಚ್ಚಲ್ಲ. ನೀನು ಡ್ಯೂಟಿಗೆ ಹೋದಾಗ ನೀನು ಹಾಕ್ಕೋ, ನಾನು ಎದ್ದು ಓಡಾಡ್ಕೊಂಡಿರ್ತೀನಿ. ನಾನು ಮಲಗಿದಾಗೆಲ್ಲ ನನ್ನ ಕೈಯಲ್ಲಿರ್ಲಿ. ದೊಡ್ಡ ದೊಡ್ಡ ಸಾಹುಕಾರರಿಗೂ ಇಲ್ಲ, ನಿದ್ದೆಗೆ ಆಂಬುಲೆನ್ಸಿನ ಕಾವಲು."

"ಹದಿನೈದು ದಿನ ತಾನೆ," ಎಂದ ಟೈಲರ್, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ. "ಪರೀಕ್ಷೇಲಿ ನಿನ್ನ ಹೃದಯ ಕಲ್ಲುಗುಂಡು ಅಂತ ಬರುತ್ತೆ. ಸ್ಟೇರಿಂಗ್ ವಾಪಸ್ ಸಿಗುತ್ತೆ. ಆಮೇಲೆ ಅಮ್ಮನ್ನ ಎಷ್ಟು ದೊಡ್ಡ ಆಸ್ಪತ್ರೆಗೆ ಬೇಕಾದ್ರೂ ಹಾಕೋಣ. ಅಷ್ಟರಲ್ಲಿ ಏನಾದ್ರೂ ಆದ್ರೂ ಗಾಡಿ ಬಂದೇ ಬರುತ್ತಲ್ಲ."

ಡ್ರೈವರಮ್ಮ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಅವಳಿಗೆ ಅತ್ತೆ ಬೇಕಿತ್ತು. ಸ್ಟೇರಿಂಗೂ ಬೇಕಿತ್ತು. ಎರಡೂ ಸಿಗುತ್ತದೆ ಎಂದು ಮನೆಯವರೇ ಹೇಳುವಾಗ ಬೇಡ ಎನ್ನುವಷ್ಟು ಗಟ್ಟಿತನ ಆ ಸಂಜೆ ಅವಳಲ್ಲಿ ಇರಲಿಲ್ಲ. ಬ್ಯಾಂಡು ಬಿಚ್ಚಿ ಅತ್ತೆಗೆ ಕಟ್ಟಿದಳು.

"ನನಗಿದು ಸರಿ ಕಾಣಲ್ಲ," ಎಂದಳು ಮೆಣಸು.

"ನಿನಗೆ ಯಾವುದು ಸರಿ ಕಂಡಿದೆ ಹುಟ್ಟಿದಾಗಿಂದ?" ಎಂದರು ಅಜ್ಜಿ.

ಕೌಂಟರಿನಲ್ಲಿ ಕೂತ ದಿನದಿಂದ ಡಿಪೋದವರ ಮಾತಿನ ದನಿ ಬದಲಾಯಿತು. ಮೊದಲು ಅವಳ ಜೊತೆ ಕಿತ್ತಾಡುತ್ತಿದ್ದ ಕಂಡಕ್ಟರು ಈಗ ಬಾಗಿ, "ಹೇಗಿದೀರಾ ಅಕ್ಕಾ," ಎಂದು ಮೆತ್ತಗೆ ಕೇಳುತ್ತಿದ್ದ. ಅವಳು ಏಳುವ ಮೊದಲೇ ಯಾರಾದರೂ ಎದ್ದು ನೀರು ತಂದುಕೊಡುತ್ತಿದ್ದರು. ಗಂಡಾಳುಗಳು ಮಾತಾಡುತ್ತಿದ್ದವರು ಅವಳು ಬಂದಾಗ ನಿಲ್ಲಿಸುತ್ತಿದ್ದರು. ನನಗೇನೂ ಆಗಿಲ್ಲ ಎಂದರೆ, ಹೌದೌದು, ಏನೂ ಆಗಲ್ಲ ಎನ್ನುತ್ತಿದ್ದರು. ಹತ್ತು ಜನ ಹತ್ತು ಸಲ ಹೀಗೆ ನೋಡಿದರೆ ಕಲ್ಲಿಗೂ ಜ್ವರ ಬಂದೀತು. ಅವಳು ಮೆಟ್ಟಿಲನ್ನು ನಿಧಾನವಾಗಿ ಹತ್ತತೊಡಗಿದಳು. ಮಧ್ಯಾಹ್ನ ಮೂರು ಹೊಡೆಯುವ ಹೊತ್ತಿಗೆ ಎಲ್ಲಿದ್ದರೂ ಬೆರಳು ತಣ್ಣಗಾಗುತ್ತಿದ್ದವು. ಕೈ ತಾನಾಗಿ ಎದೆಯ ಮೇಲೆ ಹೋಗಿ ಕೂರುತ್ತಿತ್ತು, ಒಂದು ಬಡಿತ ತಪ್ಪಿತೇ ಎಂದು ಕಾಯುತ್ತಿತ್ತು.

ಅತ್ತ ಅತ್ತೆ ಗೆಲುವಾದರು. ಗುಡಿಸುವವರು, ತರಕಾರಿ ಹೆಚ್ಚುವವರು, ಬಾಗಿಲಲ್ಲಿ ನಿಂತು ಬೀದಿಯ ಬಸ್ಸುಗಳಿಗೆ ಹೆಸರಿಡುವವರು. ಬೆಳಿಗ್ಗೆ ಡ್ಯೂಟಿಗೆ ಹೊರಟ ಸೊಸೆಗೆ, "ಟ್ಯಾಂಕಿನ ಹತ್ರ ಹುಷಾರು, ರಸ್ತೆ ಅಗೆದಿದಾರೆ," ಎಂದರು ಒಂದು ದಿನ.

"ನಾನು ಈಗ ಬಸ್ ಓಡಿಸ್ತಿಲ್ಲ ಅತ್ತೆ. ಕೌಂಟರಿನಲ್ಲಿ ಕೂತಿರ್ತೀನಿ."

"ಅದು ಗೊತ್ತು ಕಣೇ. ಮತ್ತೆ ಯಾರು ಓಡಿಸ್ತಿರೋದು?"

ಸೊಸೆ ಬ್ಯಾಂಡು ಕಟ್ಟಿಕೊಂಡು ಹೊರಟಳು. ಅಂದು ಡಿಪೋದಲ್ಲಿ ಕಂಡಕ್ಟರು, ಟ್ಯಾಂಕಿನ ಹತ್ತಿರ ಪೈಪಿಗೆಂದು ರಸ್ತೆ ಅಗೆದು ಟ್ರಿಪ್ಪು ತಡವಾಗುತ್ತಿದೆ ಎಂದು ಬೈದುಕೊಳ್ಳುತ್ತಿದ್ದ. ಅವಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, "ಯಾವಾಗಿಂದ?" ಎಂದು ಕೇಳಿದಳು. ನಿನ್ನೆ ಮಧ್ಯಾಹ್ನದಿಂದ ಎಂದ. ಯಾರೋ ಬೀದಿಯವರು ಅತ್ತೆಗೆ ಹೇಳಿರಬೇಕು. ಕಿವುಡಿಗೆ ಅಷ್ಟು ಕೂಗಿ ಹೇಳುವವರು ಬೀದಿಯಲ್ಲಿ ಯಾರಿದ್ದಾರೆ ಎಂದು ಅವಳು ಯೋಚಿಸಲು ಹೋಗಲಿಲ್ಲ.

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಯೂನಿಫಾರ್ಮಿನ ಕಡೆಯ ಗಂಟು ಮುಗಿದಿತ್ತು, ಅದನ್ನು ಶಾಲೆಗೆ ಮುಟ್ಟಿಸಬೇಕಾಗಿತ್ತು. ಟೈಲರನಿಗೆ ಬೇರೆ ಗಿರಾಕಿಯ ಹತ್ತು ಲಂಗ ಬಾಕಿ.

"ನಾನೇ ಕೊಟ್ಟು ಬರ್ತೀನಿ," ಎಂದಳು ಡ್ರೈವರಮ್ಮ. "ಕೂತು ಕೂತು ಸಾಕಾಗಿದೆ."

"ಗಂಟು ಭಾರ ಇದೆ."

"ನೀವೂ ಶುರು ಮಾಡಿದ್ರಾ? ಗಂಟು ಎತ್ತೋಕಾಗದಂಥದ್ದು ನನಗೇನಾಗಿದೆ?"

ಅತ್ತೆ ಆಗಲೇ ಮಲಗಿದ್ದರು. ಅವಳು ಕೋಣೆಗೆ ಇಣುಕಿ, ಬ್ಯಾಂಡು ಸರಿಯಾಗಿ ಕೂತಿದೆಯೇ ನೋಡಿ, ಹೊದಿಕೆ ಎಳೆದು, ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಶಾಲೆ ಹದಿನೈದು ನಿಮಿಷದ ನಡಿಗೆ.

ಗಂಟು ಒಪ್ಪಿಸಿ ಶಾಲೆಯ ಗೇಟು ದಾಟಿದಾಗ ಚೀಲದಲ್ಲಿ ಫೋನು ನಡುಗಿತು. ಕರೆಯಲ್ಲ. ತೆಗೆದು ನೋಡಿದಳು. ಪರದೆ ತುಂಬ ಕೆಂಪು.

ನಿಮ್ಮ ನಾಡಿ ಅಪಾಯದ ಮಟ್ಟಕ್ಕೆ ಇಳಿದಿದೆ. ಇರುವಲ್ಲಿಯೇ ಮಲಗಿಕೊಳ್ಳಿ. ವಾಹನ ಹೊರಟಿದೆ.

ಒಂದು ಕ್ಷಣ ಅವಳು ಕಾಂಪೌಂಡಿಗೆ ಒರಗಿ ಎದೆ ಮುಟ್ಟಿ ನೋಡಿಕೊಂಡಳು. ಅದು ದಡದಡ ಹೊಡೆದುಕೊಳ್ಳುತ್ತಿತ್ತು. ಆಮೇಲೆ ತಲೆಗೆ ಹೊಳೆಯಿತು, ಅತ್ತೆ. ಗಂಡನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮಿಷನ್ ಓಡುವಾಗ ಅವನಿಗೆ ಫೋನು ಯಾವತ್ತು ಕೇಳಿಸಿದೆ? ಮತ್ತೆ ಮಾಡಿದಳು. ಪುಣ್ಯಕ್ಕೆ ಗಾಡಿ ಹೊರಟಿದೆ, ಇಷ್ಟರಲ್ಲಿ ಮನೆ ಮುಟ್ಟಿರುತ್ತದೆ ಎಂದುಕೊಂಡು ಮನೆಯ ಕಡೆ ಓಡಿದಳು.

ಫೋನು ಮತ್ತೆ ನಡುಗಿತು. ದಯವಿಟ್ಟು ಓಡಬೇಡಿ.

ಆಗ ಸೈರನ್ ಕೇಳಿಸಿತು. ಅದು ಎದುರಿನಿಂದ ಬರುತ್ತಿತ್ತು. ರಸ್ತೆಯ ತುದಿಯಲ್ಲಿ ತಿರುಗಿ ನೇರವಾಗಿ ಅವಳ ಕಡೆ ಬರುತ್ತಿದ್ದ ಆಂಬುಲೆನ್ಸನ್ನು ಕಂಡು, ಹಿಂದಕ್ಕೆ ಹೋಗಿ, ಆ ಕಡೆ ಎಂದು ಅವಳು ಕೈ ಬೀಸಿದಳು. ಪಕ್ಕದ ಅಂಗಡಿಯ ಕಡೆ ಸರಿದಳು. ಗಾಡಿಯೂ ಆ ಕಡೆ ಸರಿದು ಅವಳ ಮುಂದೆ ನಿಂತಿತು.

ನರ್ಸೊಬ್ಬಳು ಇಳಿದು ಅವಳ ಎರಡೂ ತೋಳು ಹಿಡಿದುಕೊಂಡಳು. "ನೀವೇ ಅಲ್ವಾ? ಬಸ್ ಡಿಪೋದವರು? ಮಲಗಿ ಅಮ್ಮಾ. ಮಾತಾಡಬೇಡಿ."

"ನನಗಲ್ಲ. ನಮ್ಮ ಅತ್ತೆಗೆ. ಮನೇಲಿದಾರೆ. ಮನೆಗೆ ಹೋಗಿ."

"ಆಯ್ತು, ಆಯ್ತು. ಮೊದಲು ಮಲಗಿ."

"ನನಗೇನೂ ಆಗಿಲ್ಲ ಅಂತ ಹೇಳ್ತಿದೀನಲ್ಲ."

"ಎಲ್ಲರೂ ಹಾಗೇ ಅಂತಾರಮ್ಮ."

ಗಾಡಿಯ ಡ್ರೈವರೂ ಇಳಿದು ಬಂದ. ಇಬ್ಬರೂ ಸೇರಿ ಅವಳನ್ನು ಎತ್ತಿ ಸ್ಟ್ರೆಚರಿನ ಮೇಲೆ ಕೆಡವಿದರು. ಅಂಗಡಿಯವರು ಸುತ್ತ ನಿಂತು ಪಾಪ ಎಂದರು. ಅವಳ ತಲೆಯ ಮೇಲಿನ ಪರದೆಯಲ್ಲಿ ಅವಳ ಹೆಸರು, ಅವಳ ನೌಕರಿಯ ನಂಬರು, ಅವಳ ಫೋಟೋ. ಕೆಳಗೆ ಇಪ್ಪತ್ತಾರು. ನೋಡುತ್ತಿದ್ದಂತೆ ಇಪ್ಪತ್ತನಾಲ್ಕು.

ನರ್ಸು ಅವಳ ಮುಂಗೈ ಹಿಡಿದು ಗಡಿಯಾರ ನೋಡಿದಳು. ಹುಬ್ಬು ಗಂಟಿಕ್ಕಿತು. ಪರದೆ ನೋಡಿದಳು, ಮತ್ತೆ ಮುಂಗೈ ಒತ್ತಿದಳು.

"ನಿಮ್ಮದು ನೂರಾ ಮೂವತ್ತಿದೆ. ಇದು ಯಾರದು?"

"ಅತ್ತೇದು. ಬ್ಯಾಂಡು ಅವರ ಕೈಯಲ್ಲಿದೆ. ಒಂದೂವರೆ ತಿಂಗಳಿಂದ ಅವರ ನಿದ್ದೇನ ನನ್ನ ಹೆಸರಲ್ಲಿ ಬರೆಸ್ತಿದೀನಿ. ಬರ್ಕೊಳ್ಳಿ, ನನ್ನ ನಂಬರ್ ಬರ್ಕೊಳ್ಳಿ, ಕೆಲಸದಿಂದ ತೆಗೀಲಿ. ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಮನೆಗೆ ನಡೀರಿ."

"ನಾಡಿ ಬ್ಯಾಂಡಿಂದ ಬರುತ್ತೆ," ಎಂದಳು ನರ್ಸು ನಿಧಾನವಾಗಿ. "ಜಾಗ ಫೋನಿಂದ ಬರುತ್ತೆ. ನಮಗೆ ನೀವಿರೋ ಜಾಗ ತೋರಿಸ್ತು."

ಡ್ರೈವರಮ್ಮ ಅವಳ ಕೈ ಕೊಡವಿ ಎದ್ದು, ಮುಂದಿನ ಸೀಟಿಗೆ ಹತ್ತಿ ಕೂತಳು. "ತಿರುಗಿಸಿ. ಎಡಕ್ಕೆ ಹೋಗಬೇಡಿ, ಅಲ್ಲಿ ಸಿಗ್ನಲ್ ಇದೆ. ಹಿಟ್ಟಿನ ಗಿರಣಿ ಪಕ್ಕ ಗಲ್ಲಿ ಇದೆ, ಗಾಡಿ ಹಿಡಿಸುತ್ತೆ. ನಾನು ಹೇಳ್ತೀನಲ್ಲ, ಹಿಡಿಸುತ್ತೆ, ಹೋಗಿ." ದಾರಿಯುದ್ದಕ್ಕೂ ಅವಳ ಬಲಗಾಲು ಗಾಡಿಯ ನೆಲವನ್ನು ಒತ್ತುತ್ತಲೇ ಇತ್ತು. ಹಿಂದೆ ಪರದೆ ಕುಂಯ್ ಎನ್ನತೊಡಗಿತು. ಅವಳು ತಿರುಗಿದಳು. ನರ್ಸು ಪರದೆಯನ್ನು ಆ ಕಡೆ ತಿರುಗಿಸಿಬಿಟ್ಟಳು.

ಮನೆಯ ಮುಂದೆ ಇಳಿದಾಗ ಮಿಷನ್ ಓಡುತ್ತಿತ್ತು. ಟೈಲರ್ ತಲೆ ಎತ್ತಿ, "ಇಷ್ಟು ಬೇಗ ಬಂದ್ಯಾ? ಅಳತೆ ಸರಿಯಾಗಿದೆ ಅಂದ್ರಾ?" ಎಂದ. ಅವಳ ಹಿಂದೆ ಪೆಟ್ಟಿಗೆ ಹಿಡಿದು ಓಡಿ ಬಂದ ನರ್ಸನ್ನು ಕಂಡು ಪೆಡಲಿನಿಂದ ಕಾಲು ತೆಗೆದ.

ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಹೊದಿಕೆಯ ಕೆಳಗೆ ಹಸಿರು ದೀಪ ಹತ್ತಿ ಆರುತ್ತಿತ್ತು. ನರ್ಸು ಬ್ಯಾಂಡು ಕಿತ್ತು ಎಸೆದು, ಎದೆಯ ಮೇಲೆ ಎರಡು ಕೈ ಇಟ್ಟು ಒತ್ತಿದಳು. ಇಪ್ಪತ್ತು ನಿಮಿಷ ಒತ್ತಿದಳು. ಸೊಸೆ ಅತ್ತೆಯ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು, ಆಗಾಗ ಎರಡು ಸಲ ಮೆತ್ತಗೆ ಅದುಮುತ್ತಿದ್ದಳು. ಕಾಲೇಜಿನಿಂದ ಬಂದ ಮೆಣಸು ಬಾಗಿಲಲ್ಲೇ ನಿಂತಳು.

ನರ್ಸು ಎದ್ದು ಬೆವರು ಒರೆಸಿಕೊಂಡಳು. ಐದು ನಿಮಿಷ ಮೊದಲು ಸಿಕ್ಕಿದ್ದರೆ ಎಂದು ಶುರುಮಾಡಿ, ಅಷ್ಟಕ್ಕೇ ಬಿಟ್ಟಳು.

ಬೀದಿ ಕಡೆಯ ಕೋಣೆಯಲ್ಲಿ ಲಂಗಗಳ ರಾಶಿಯ ಪಕ್ಕ ಗಾಡಿಯ ಡ್ರೈವರು ನಿಂತಿದ್ದ. ಅವನು ಬಾಗಿಲಿನಿಂದ ಹೊರಗೆ, ಆ ಕಡೆ ಈ ಕಡೆ ನೋಡಿದ.

"ಆಸ್ಪತ್ರೆಯಿಂದ ಹೊರಟಾಗ ನಾವು ಇದೇ ಬೀದೀಲೇ ಬಂದ್ವಲ್ಲ," ಎಂದ. "ಹೊರಟು ಎರಡು ನಿಮಿಷಾನೂ ಆಗಿರ್ಲಿಲ್ಲ. ಈ ಬಾಗಿಲ ಮುಂದೇನೇ ಹೋದ್ವಿ."

"ಹೌದು," ಎಂದ ಟೈಲರ್. ಕೊರಳಿನ ಟೇಪನ್ನು ಅವನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. "ಸೈರನ್ ಕೇಳಿ ಮಿಷನ್ ನಿಲ್ಲಿಸಿ ಹೊರಗೆ ಬಂದೆ. ಒಂದು ಸ್ಕೂಟರ್ ಅಡ್ಡ ನಿಂತಿತ್ತು. ನಾನೇ ಪಕ್ಕಕ್ಕೆ ತಳ್ಳಿ ನಿಮಗೆ ದಾರಿ ಬಿಟ್ಟೆ. ಯಾರ ಮನೆಯವರೋ ಪಾಪ, ಬೇಗ ಹೋಗ್ಲಿ ಅಂತ."